ಗೆರೆ ದಾಟಿತ್ತು

ಪುಸ್ತಕ ನನ್ನ ಹತ್ತಿರ ಇದೆ. ಕೆಂಪು ರಟ್ಟು.
ಹೊಲಿಗೆ ಬಿಟ್ಟಾಗ ಜೀನ್ಸಿನ ದಾರದಲ್ಲಿ ನಾನೇ ಹೊಲಿದೆ,
ಜೇಬಿನ ಅಂಚಿಗೆ ಹಾಕುತ್ತೇವಲ್ಲ, ಆ ಅರಿಶಿನ ದಾರ.

ಮೊದಲ ಪುಟದಲ್ಲಿ ಒಂಬತ್ತು ಹೆಬ್ಬೆಟ್ಟು, ಎರಡು ಸಹಿ.
'ಚೆಂಡು ಒಂದು, ಹಳೆಯದು,
ಗೋರಾ ಪಲ್ಟನ್ನಿನ ಕಡೆಯಿಂದ, ಮೂರು ರೂಪಾಯಿ.'
ಕೊಟ್ಟದ್ದೋ ಕದ್ದದ್ದೋ ಬರೆದಿಲ್ಲ.
ಚೆಂಡು ಪುಕ್ಕಟೆ, ಮೂರು ರೂಪಾಯಿ
ಕಾವಲಿನವನ ನಿದ್ದೆಗೆ ಅನ್ನುತ್ತಿದ್ದ ನಮ್ಮಜ್ಜ.

ಹೆಸರಿಡಲು ನಾಲ್ಕು ಸಭೆ ಕೂತರು.
ಕಮ್ಮಾರ ಹುಲುಗಪ್ಪನಿಗೆ ಹುಲಿ ಬೇಕು,
ಜಟಕಾ ದಸ್ತಗಿರಿಗೆ ಚಂದ್ರ ಬೇಕು,
ಚರ್ಚಿನ ಗಂಟೆ ಹೊಡೆಯುವ ಜ್ಞಾನಪ್ಪನಿಗೆ
ಇಬ್ಬರೂ ಬೇಡ.
ಕೊನೆಗೆ ಹೆಸರಿನ ಮುಂದೆ 'ಬಾಕಿ' ಎಂದು ಬರೆದು ಚಾ ಕುಡಿದರು.
ಇವತ್ತಿಗೂ ಬಾಕಿ.
ಕೌಲ್ ಬಜಾರ್ ಕರೆದದ್ದೂ ಅದನ್ನೇ: ಬಾಕಿ ಟೀಮು.

ಬರಿಗಾಲು. ಮೇ ತಿಂಗಳ ಮೈದಾನ.
ಹಗಲೆಲ್ಲ ಬಿಸಿಲು ಕುಡಿದ ಬಂಡೆಗುಡ್ಡ
ಸಂಜೆ ಅದನ್ನು ನಮ್ಮ ಮುಖಕ್ಕೇ ಉಗುಳುತ್ತಿತ್ತು.
ಕಾಲು ಸುಡುವುದಕ್ಕೇ ಇವರು ಹೀಗೆ ಓಡುತ್ತಾರೆ
ಎಂದು ನಗುತ್ತಿದ್ದರು ಹೊಸಪೇಟೆಯವರು.
ನಿಜವೂ ಇದ್ದೀತು.

ಅರವತ್ತೆಂಟರಿಂದ ಎಪ್ಪತ್ಮೂರರವರೆಗೆ ಪುಟಗಳಿಲ್ಲ.
ಗೆದ್ದ ವರ್ಷಗಳೆಲ್ಲ ಅಲ್ಲೇ ಇದ್ದವಂತೆ.
ಒಗ್ಗರಣೆ ಅಂಗಡಿ ಎರ್ರಿಸ್ವಾಮಿ ಹರಿದು
ಮಿರ್ಚಿ ಕಟ್ಟಿಕೊಟ್ಟನಂತೆ.
ಎಣ್ಣೆ ಹೀರಿದ ನಮ್ಮ ಕಪ್ಪುಗಳು
ಊರ ತುಂಬ ಕೈ ಬದಲಾಯಿಸಿ
ಚರಂಡಿ ಸೇರಿದವು.

ಎಂಬತ್ಮೂರರ ಪುಟ ಮಾತ್ರ ಗಟ್ಟಿಯಾಗಿದೆ.
ಗುಂತಕಲ್ಲಿನ ರೈಲ್ವೆಯವರ ಮೇಲೆ ಫೈನಲ್ಲು.
ಸೊನ್ನೆ, ಸೊನ್ನೆ. ಕೊನೆಯ ಗಳಿಗೆ.
ಒಂದು ಕೆಂಧೂಳಿನ ಸುಳಿ ಗೋಲಿನ ಬಾಯಲ್ಲೇ ಎದ್ದು
ಚೆಂಡನ್ನೂ ಸವರಿರಾಜನನ್ನೂ ನುಂಗಿ ಉಗುಳಿತು.
ಅನಂತಪುರದ ರೆಫರಿ ಕಣ್ಣುಜ್ಜುತ್ತ ನಿಂತ.
ಯಾರೂ ಕಂಡಿಲ್ಲ. ಕಂಡಿಲ್ಲ ಎಂದಿದ್ದರೆ ಮುಗಿದಿತ್ತು.
ಮೈಕೊಡವಿ ಎದ್ದ ಸವರಿರಾಜ
ಸುಣ್ಣ ಮೆತ್ತಿದ ಮೊಣಕೈ ತೋರಿಸಿ
'ಗೆರೆ ದಾಟಿತ್ತು' ಅಂದ,
ಅಂಗಡಿಯಲ್ಲಿ ಅಳತೆ ಹೇಳುವ ಹಾಗೆ.

ಮೊದಲು ಬಂದದ್ದು ಒಂದು ಚಪ್ಪಲಿ. ಆಮೇಲೆ ಬೈಗುಳ,
ಮೂರು ಭಾಷೆಯಲ್ಲಿ.
ನಮ್ಮಪ್ಪ ಕ್ಯಾಪ್ಟನ್. ಬೈಯಲಿಲ್ಲ. ಮಾತು ಬಿಟ್ಟ.
ಇಬ್ಬರದೂ ಒಂದೇ ಅಂಗಡಿ, ಅಕ್ಕಪಕ್ಕದ ಮಷೀನು,
ಆಗ ಪೊಲೀಸರ ಖಾಕಿ, ಮುಂದೆ ಜೀನ್ಸು.
ಕತ್ತರಿ ಬೇಕಾದರೆ ಅಪ್ಪ ಕೈ ಚಾಚುತ್ತಿದ್ದ,
ಸವರಿರಾಜ ಇಡುತ್ತಿದ್ದ, ಹಿಡಿ ಅಪ್ಪನ ಕಡೆಗೆ ತಿರುಗಿಸಿ.
ಹನ್ನೊಂದು ವರ್ಷ.

ಆ ದಿನದ ಸಾಲು ಅಪ್ಪನ ಕೈಬರಹ:
'ಸೊನ್ನೆ, ಒಂದು. ಗೆರೆ ದಾಟಿತ್ತು.'
ಕೊನೆಯ ಎರಡು ಶಬ್ದ ಹೊಡೆದು ಹಾಕಿದ್ದಾನೆ,
ಕಾಗದ ಹರಿಯುವಷ್ಟು.
ಕೆಳಗೆ, ಬೇರೆ ಶಾಯಿಯಲ್ಲಿ,
ನಡುಗುವ ಮುದಿ ಅಕ್ಷರದಲ್ಲಿ, ಮತ್ತೆ ಅವೇ ಎರಡು.
ಯಾವಾಗ ಬರೆದನೋ. ಕೇಳುವ ಹೊತ್ತಿಗೆ ಅಪ್ಪ ಇರಲಿಲ್ಲ.

ಮೈದಾನದ ಅರ್ಧಕ್ಕೆ ಈಗ ವಾಷಿಂಗ್ ಯೂನಿಟ್ಟು.
ಕಾಲುವೆ ನೀಲಿ, ನಾಯಿಗಳ ಪಾದ ನೀಲಿ.
ಉಳಿದರ್ಧದಲ್ಲಿ ಹುಡುಗರು ಆಡುತ್ತಾರೆ.
ಇವತ್ತು ಬಂದು ಕೇಳಿದರು:
ಚಾಚಾ, ಜರ್ಸಿ ಮೇಲೆ ಏನಂತ ಹಾಕಿಸೋಣ?

ಹೆಸರು ಎಲ್ಲಾದರೂ ತೀರ್ಮಾನವಾಗಿದೆಯಾ ಎಂದು
ಪುಟ ತಿರುವಿದೆ. ಇಲ್ಲ.
ಕಣ್ಣಿಗೆ ಬಿದ್ದದ್ದು ಚಂದಾ ಪಟ್ಟಿ.
ಅಪ್ಪನ ಹೆಸರಿನ ಮುಂದೆ ಎಷ್ಟು ತಿಂಗಳು ಬಾಕಿ,
ದಸ್ತಗಿರಿ ಮೊಮ್ಮಗ ಬಾಕಿ, ಹುಲುಗಪ್ಪನ ಮಗ ಪೂರಾ ಬಾಕಿ.
ಆ ಹನ್ನೊಂದು ವರ್ಷದ ಒಂದೊಂದು ತಿಂಗಳೂ,
ಅಪ್ಪನದೇ ಅಕ್ಷರ:
ಸವರಿರಾಜ್, ಎರಡು ರೂಪಾಯಿ, ಸಂದಾಯ.

ಹುಡುಗರು ಬಾಗಿಲಲ್ಲೇ ನಿಂತಿದ್ದಾರೆ.
ಪಂಪು ಸಿಕ್ಕಿತು. ಸೂಜಿ ಎಲ್ಲಿಟ್ಟೆನೋ.